ಶಾಲೆಯ ಆರೋಗ್ಯಪಾಠವೂ ಶ್ರಾವಕನ ವ್ರತವೂ

ವ್ರತವೆಂದರೆ ತಿಳಿದು, ಒಪ್ಪಿ, ಸಂಕಲ್ಪಪೂರ್ವಕವಾಗಿ ಕೈಕೊಳ್ಳುವ ವಿರತಿ. ಮನೆಯಲ್ಲಿ ಕಾಳಿಲ್ಲದೆ ಹಸಿದು ಮಲಗಿದವನನ್ನು ನಾವು ಉಪವಾಸಿಯೆನ್ನುವುದಿಲ್ಲ. ಅವಕಾಶ ದೊರೆಯದೆ ಸುಮ್ಮನಿರುವ ಬೇಟೆಗಾರನನ್ನು ಅಹಿಂಸಕನೆನ್ನುವುದಿಲ್ಲ. ತ್ಯಜಿಸತಕ್ಕದ್ದು ಯಾವುದು, ಏತಕ್ಕಾಗಿ ತ್ಯಜಿಸಬೇಕು, ತ್ಯಜಿಸಿದರೆ ಆಗುವುದೇನು ಎಂಬ ಅರಿವು ಮೊದಲು, ತ್ಯಾಗ ಅನಂತರ. ರತ್ನತ್ರಯವನ್ನು ಹೇಳುವಾಗ ನಮ್ಮ ಆಚಾರ್ಯರು ದರ್ಶನ ಜ್ಞಾನಗಳ ತರುವಾಯವೇ ಚಾರಿತ್ರವನ್ನು ಇರಿಸಿದ್ದಾರೆ. ಈ ಕ್ರಮ ನಮಗೆಲ್ಲ ಬಾಯಿಪಾಠವಾಗಿದ್ದರೂ ಮಕ್ಕಳ ವಿಷಯ ಬಂದಾಗ ಅದನ್ನು ಮರೆಯುವುದುಂಟು.

ಇಂದು ನಮ್ಮ ಮಕ್ಕಳಿಗೆ ಶರೀರದ ವಿಚಾರವನ್ನು ಹೇಳಿಕೊಡುವುದು ಬಹುಪಾಲು ಶಾಲೆ. ಆಹಾರದ ನಿಯಮವನ್ನು ಹೇಳಿಕೊಡುವುದು ಮನೆ ಮತ್ತು ಬಸದಿ. ಎರಡೂ ಕಡೆಯ ಮಾತು ಒಂದೇ ಆಗಿರುವಾಗ ಚಿಂತೆಯಿಲ್ಲ. ಅವು ಬೇರೆಯಾದಾಗ ಮಗು ಯಾರ ಮಾತನ್ನು ಕೇಳಬೇಕು? ಸರಕಾರಿ ಶಾಲೆಯು ಆರೋಗ್ಯದ ಹೆಸರಿನಲ್ಲಿ ಮಗುವಿನಿಂದ ಏನನ್ನು ಅಪೇಕ್ಷಿಸಬಹುದು, ಏನನ್ನು ಅಪೇಕ್ಷಿಸಬಾರದು? ವ್ರತದ ಹೆಸರಿನಲ್ಲಿ ನಾವು ಶಾಲೆಯಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು? ಈ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರ ಮಾಡೋಣ.

ಶಾಲೆಯಲ್ಲಿ ಆರೋಗ್ಯಶಿಕ್ಷಣವಿರಬೇಕೆಂಬುದು ಹೊಸ ಮಾತೇನೂ ಅಲ್ಲ. ಸ್ವಾತಂತ್ರ್ಯಕ್ಕೆ ಮುಂಚೆಯೇ, 1946ರಲ್ಲಿ, ಭೋರ್ ಸಮಿತಿಯು ತನ್ನ ವರದಿಯಲ್ಲಿ ಶಾಲಾ ಆರೋಗ್ಯಸೇವೆಗೆ ಸ್ಥಾನ ಕೊಟ್ಟಿತು. 1960ರಲ್ಲಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಶಾಲಾಮಕ್ಕಳ ಆರೋಗ್ಯಕ್ಕಾಗಿಯೇ ಒಂದು ಸಮಿತಿ ನೇಮಕವಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯವಾಗಿಸಬೇಕೆಂದಿತು. 2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮದಂತೆ ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ತರಬೇತಿ ಪಡೆದು, ಪೋಷಣೆ, ಶುಚಿತ್ವ, ವ್ಯಸನದಿಂದ ದೂರವಿರುವುದು, ಮನಸ್ಸಿನ ಸ್ವಾಸ್ಥ್ಯ ಮೊದಲಾದ 11 ವಿಷಯಗಳನ್ನು ಬೋಧಿಸಬೇಕು. ಪಾಠದ ಜೊತೆಗೆ ಮಧ್ಯಾಹ್ನದ ಊಟವಿದೆ, ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆಯಿದೆ, ಜಂತುಹುಳುವಿನ ಮಾತ್ರೆಯಿದೆ. ಹೀಗೆ ಆರೋಗ್ಯವೆಂಬುದು ಪುಸ್ತಕದಿಂದ ಇಳಿದು ಮಗುವಿನ ತಟ್ಟೆಗೆ ಬಂದಿದೆ. ವ್ರತದ ಪ್ರಶ್ನೆ ಏಳುವುದು ಇಲ್ಲಿಯೇ.

ವಿಚಾರಕ್ಕೆ ಒಂದು ನೆಲೆ ಬೇಕಾದ್ದರಿಂದ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಹೋಬಳಿಯನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಚಿತ್ರದುರ್ಗ ಜಿಲ್ಲೆಯ ಪೂರ್ವದ ಅಂಚು. ವೇದಾವತಿ ಹರಿದು ಆಂಧ್ರವನ್ನು ಸೇರುವ ಸೀಮೆ. ಕನ್ನಡದ ಜೊತೆಗೆ ತೆಲುಗೂ ಕೇಳಿಬರುವ ಊರುಗಳು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲಿ ಈ ತಾಲ್ಲೂಕೂ ಒಂದು. ಶೇಂಗಾ ಬಂದರೆ ಬದುಕು, ಬಾರದಿದ್ದರೆ ವಲಸೆ. ಇಂಥ ಕಡೆಯ ಸರಕಾರಿ ಶಾಲೆಯಲ್ಲಿ ಜೈನ ಮಗುವೊಂದು ಇದ್ದರೆ ಅದು ಬಹುಶಃ ಒಂಟಿಯಾಗಿಯೇ ಇದ್ದೀತು. ಅದರ ಪಕ್ಕದಲ್ಲಿ ಕೂಲಿಕಾರರ ಮಕ್ಕಳು, ಕುರಿಗಾಹಿಗಳ ಮಕ್ಕಳು, ಬೆಳಗಿನ ಊಟವಿಲ್ಲದೆ ಬಂದವರು ಕುಳಿತಿರುತ್ತಾರೆ. ದೊಡ್ಡ ಬಸದಿಗಳಿರುವ ಊರಿನಲ್ಲಿ ಕುಳಿತು ವಿಚಾರ ಮಾಡುವುದಕ್ಕಿಂತ ಈ ಪಂಕ್ತಿಯನ್ನು ನೆನೆದು ವಿಚಾರ ಮಾಡುವುದು ಮೇಲು. ಬಲವಿಲ್ಲದೆಡೆ ನಿಲ್ಲುವ ನ್ಯಾಯವೇ ನಿಜವಾದ ನ್ಯಾಯ.

ಮೊದಲು ಒಂದು ಭೇದವನ್ನು ಸ್ಪಷ್ಟಮಾಡಿಕೊಳ್ಳಬೇಕು. ತಿಳಿಯುವುದು ಬೇರೆ, ಸೇವಿಸುವುದು ಬೇರೆ. ಮೊಟ್ಟೆಯಲ್ಲಿ ಪ್ರೋಟೀನು ಇದೆಯೆಂದು ಪಾಠದಲ್ಲಿ ಓದಿ, ಪರೀಕ್ಷೆಯಲ್ಲಿ ಹಾಗೆಯೇ ಬರೆದ ಜೈನ ಬಾಲಕನಿಗೆ ಯಾವ ವ್ರತಭಂಗವೂ ಆಗಲಿಲ್ಲ. ಅದು ನಿಜವಾದ್ದರಿಂದ ಹಾಗೆ ಬರೆಯುವುದೇ ಸತ್ಯಾಣುವ್ರತಕ್ಕೆ ಒಪ್ಪುವ ನಡೆ. ‘ನಾನು ಅದನ್ನು ತಿನ್ನುವುದಿಲ್ಲ’ ಎಂದು ಆ ಬಾಲಕನೇ ಊಟದ ಪಂಕ್ತಿಯಲ್ಲಿ ಹೇಳಿದರೆ ಅದೂ ನಿಜ. ಈ ಎರಡು ಮಾತುಗಳಿಗೆ ಪರಸ್ಪರ ವಿರೋಧವಿಲ್ಲ.

ವಿರೋಧವನ್ನು ಹುಟ್ಟಿಸಿಕೊಂಡವರು ಕೆಲಮಟ್ಟಿಗೆ ನಾವೇ. ನಿರಾಮಿಷ ಆಹಾರವನ್ನು ಸಮರ್ಥಿಸುವ ಉತ್ಸಾಹದಲ್ಲಿ ಮೊಟ್ಟೆಯಲ್ಲಿ ಸತ್ವವೇ ಇಲ್ಲ, ಅದು ವಿಷ ಎಂಬ ಮಾತುಗಳನ್ನು ಕೆಲವರು ಹೇಳುತ್ತ ಬಂದಿದ್ದಾರೆ. ಇದರಿಂದ ಅಹಿಂಸೆಗೆ ಬಲ ಬರುವುದಿಲ್ಲ. ನಾವು ಜೀವವನ್ನು ಬಿಟ್ಟುಕೊಟ್ಟದ್ದು ದಯೆಯಿಂದ, ಪೌಷ್ಟಿಕತೆಯ ಲೆಕ್ಕದಿಂದಲ್ಲ. ಲೆಕ್ಕದ ಮೇಲೆ ನಿಂತ ವ್ರತ ಲೆಕ್ಕ ಬದಲಾದ ದಿನ ಬೀಳುತ್ತದೆ. ‘ಈ ಮೊಟ್ಟೆಯಲ್ಲಿ ಜೀವವೇ ಇಲ್ಲವಲ್ಲ’ ಎಂದು ವಾದಿಸುವವರಿಗೂ ನಮ್ಮ ಪರಂಪರೆಯಲ್ಲಿ ಉತ್ತರವಿದೆ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಅಲ್ಲಿ ಕೊಲ್ಲಲು ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪವೇ ತಾಯಿ ಮಗನನ್ನು ಭವಭವಗಳಲ್ಲಿ ಅಲೆಯಿಸಿತು. ಇಷ್ಟು ಸೂಕ್ಷ್ಮವಾದ ನೆಲೆಯ ಮೇಲೆ ನಿಂತ ಧರ್ಮಕ್ಕೆ ಶಾಲೆಯ ಪೋಷಣಪಾಠದಿಂದ ಯಾವ ಭಯವೂ ಇಲ್ಲ. ಆದುದರಿಂದ ನಮ್ಮ ಮಗುವಿಗೆ ಈ ಪಾಠ ಬೇಡವೆಂದು ಶಾಲೆಯನ್ನು ಕೇಳುವುದು ಸಲ್ಲದು.

ಅರಿವು ವ್ರತಕ್ಕೆ ಶತ್ರುವಲ್ಲ ಎನ್ನುವುದಕ್ಕೆ ನೀರಿನ ದೃಷ್ಟಾಂತವೊಂದು ಸಾಕು. ಬಟ್ಟೆಯಲ್ಲಿ ಸೋಸದ ನೀರನ್ನು ಕುಡಿಯಬಾರದೆಂಬುದು ಶ್ರಾವಕನ ಮನೆಯ ಹಳೆಯ ನಿಯಮ. ನೀರಿನಲ್ಲಿರುವ ತ್ರಸಜೀವಿಗಳ ರಕ್ಷಣೆ ಅದರ ಉದ್ದೇಶ. ನಾರುಹುಣ್ಣು ಎಂಬ ರೋಗ ಒಂದು ಕಾಲದಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವು ರಾಜ್ಯಗಳಲ್ಲಿತ್ತು. ಹುಣ್ಣಾದ ಕಾಲನ್ನು ಮೆಟ್ಟಿಲುಬಾವಿಯ ನೀರಿಗೆ ಇಳಿಸಿದಾಗ ಹುಳುವಿನ ಮರಿಗಳು ನೀರನ್ನು ಸೇರುತ್ತಿದ್ದವು. ಅವನ್ನು ನೀರಿನ ಸಣ್ಣ ಜೀವಿಯೊಂದು ನುಂಗುತ್ತಿತ್ತು. ಆ ನೀರನ್ನು ಕುಡಿದವನ ಮೈಯಲ್ಲಿ ವರ್ಷದೊಳಗೆ ಗೇಣುದ್ದಕ್ಕೂ ಮೀರಿದ ಹುಳು ಬೆಳೆದು ಚರ್ಮವನ್ನು ಸೀಳಿ ಹೊರಬರುತ್ತಿತ್ತು. ಇದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಹೂಡಿದ ನಿರ್ಮೂಲನ ಕಾರ್ಯದಲ್ಲಿ ಜನರಿಗೆ ಕಲಿಸಿದ ಮುಖ್ಯ ಪಾಠಗಳಲ್ಲಿ ಒಂದು, ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂಬುದು. 1996ರ ಅನಂತರ ಭಾರತದಲ್ಲಿ ಈ ರೋಗ ಕಾಣಿಸಲಿಲ್ಲ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವನ್ನು ರೋಗಮುಕ್ತವೆಂದು ಘೋಷಿಸಿತು. ಜೀವದಯೆಗಾಗಿ ನಾವು ಸೋಸಿದೆವು, ಆರೋಗ್ಯಕ್ಕಾಗಿ ಅವರು ಸೋಸಿದರು; ಬಟ್ಟೆ ಒಂದೇ.

ಆದರೆ ಇದೇ ದೃಷ್ಟಾಂತದ ಇನ್ನೊಂದು ಮುಖವನ್ನೂ ನೋಡಬೇಕು. ಚಿತ್ರದುರ್ಗ ಜಿಲ್ಲೆಯ ಈ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಾಗಿ, ದೀರ್ಘಕಾಲ ಕುಡಿದರೆ ಮೂಳೆಯೇ ಬಿಗಿಯುತ್ತದೆ. ಬಟ್ಟೆಯಲ್ಲಿ ಎಷ್ಟು ಮಡಿಕೆ ಹಾಕಿ ಸೋಸಿದರೂ ಫ್ಲೋರೈಡ್ ಹೋಗುವುದಿಲ್ಲ. ಕಾಯಿಸಿದರೂ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ. ಸೋಸುವ ನಿಯಮವನ್ನು ನಿಷ್ಠೆಯಿಂದ ಪಾಲಿಸುವ ಮನೆಯ ಮಗುವಿಗೂ ಇದನ್ನು ಹೇಳಿಕೊಡಬೇಕಾದದ್ದು ಶಾಲೆ. ಹಿರಿಯರು ಕೊಟ್ಟ ನಿಯಮವು ಅವರ ಕಾಲದ ನೀರನ್ನು ಕಂಡು ಕೊಟ್ಟದ್ದು. ನೂರಾರು ಅಡಿ ಆಳದ ಕೊಳವೆಬಾವಿಯನ್ನು ಅವರು ಕಂಡಿರಲಿಲ್ಲ. ನಿಯಮ ಉಳಿಯಲಿ, ಅದರ ಪಕ್ಕದಲ್ಲಿ ಅರಿವೂ ನಿಲ್ಲಲಿ.

ಇನ್ನು ಸೇವಿಸುವುದರ ವಿಷಯ. ವರ್ಷಕ್ಕೆ ಎರಡು ಬಾರಿ ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಶ್ರಾವಕನ ಮನಸ್ಸಿನಲ್ಲಿ ಒಂದು ಸಂದೇಹವನ್ನು ಎಬ್ಬಿಸಬಹುದು. ಕ್ರಿಮಿಯು ದ್ವೀಂದ್ರಿಯ ಜೀವ. ನಮ್ಮ ಶಾಸ್ತ್ರಗಳಲ್ಲಿ ದ್ವೀಂದ್ರಿಯಕ್ಕೆ ಕೊಡುವ ಉದಾಹರಣೆಯೇ ಕ್ರಿಮಿ. ತಿಳಿದೂ ತಿಳಿದೂ ಅದನ್ನು ಕೊಲ್ಲುವ ಮಾತ್ರೆಯನ್ನು ನುಂಗಬಹುದೆ? ಗೃಹಸ್ಥನ ಅಹಿಂಸೆಯನ್ನು ವಿವರಿಸುವವರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪಿ ಹಿಂಸೆಯನ್ನು ಮಾತ್ರ ಗೃಹಸ್ಥನು ಸಂಪೂರ್ಣವಾಗಿ ಬಿಡಲೇಬೇಕೆಂದಿದ್ದಾರೆ. ಮಗುವಿನ ರಕ್ತವನ್ನು ಹೀರಿ ಅದನ್ನು ಕುಗ್ಗಿಸುವ ಹುಳುವಿನಿಂದ ರಕ್ಷಿಸಿಕೊಳ್ಳುವುದು ವಿರೋಧಿ ಹಿಂಸೆಯ ಮೇರೆಯೊಳಗೆ ಬರುತ್ತದೆಂದು ಹೇಳಬಹುದು. ಮಾತ್ರೆಯನ್ನು ನುಂಗಿದ ಮಗುವಿಗೆ ಅಣುವ್ರತಭಂಗವಾಯಿತೆಂದು ಹೇಳಲಾಗದು. ಆದರೂ ಹಿಂಸೆ ಹಿಂಸೆಯೇ. ಅದನ್ನು ಕಡಮೆ ಮಾಡುವ ದಾರಿಯಿದ್ದರೆ ಹಿಡಿಯಬೇಕು. ಆ ದಾರಿಯನ್ನು ತೋರಿಸುವುದು ಆರೋಗ್ಯಪಾಠವೇ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ತೂರಿ ಒಳಹೋಗುತ್ತದೆ. ದುಂಡುಹುಳುವಿನ ಮೊಟ್ಟೆ ತೊಳೆಯದ ಕೈಯಿಂದ ಬಾಯಿಗೆ ಸೇರುತ್ತದೆ. ಕಾಲಿಗೆ ಮೆಟ್ಟು, ಊಟಕ್ಕೆ ಮೊದಲು ಸಾಬೂನಿನ ಕೈತೊಳೆತ, ಬಯಲಿನ ಬದಲು ಶೌಚಾಲಯ, ಈ ಮೂರನ್ನು ರೂಢಿಸಿಕೊಂಡ ಮಗುವಿನ ಹೊಟ್ಟೆಯಲ್ಲಿ ಕೊಲ್ಲಬೇಕಾದ ಹುಳುವೇ ಹುಟ್ಟುವುದು ಅಪರೂಪ. ಶುಚಿತ್ವದ ಪಾಠವನ್ನು ಅಹಿಂಸೆಯ ಪಾಠವೆಂದೇ ಕರೆಯಬಹುದಾಗಿದೆ.

ಈಗ ಎಲ್ಲಕ್ಕಿಂತ ಹೆಚ್ಚು ವಿವಾದವನ್ನು ಹುಟ್ಟಿಸಿದ ವಿಷಯಕ್ಕೆ ಬರೋಣ. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡಲಾರಂಭಿಸಿತು. ಮಾರನೆಯ ವರ್ಷ ಅದು ಉಳಿದ ಜಿಲ್ಲೆಗಳಿಗೂ ಬಂದಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಡನೆ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನಾಗಲಿ ಶೇಂಗಾಚಿಕ್ಕಿಯನ್ನಾಗಲಿ ಕೊಡುವ ಏರ್ಪಾಟೂ ಇತ್ತು. ಚಿಕ್ಕಿಯನ್ನು 2025ರಲ್ಲಿ ಕೈಬಿಡಲಾಯಿತು. ಯೋಜನೆ ಆರಂಭವಾದಾಗ ಕೆಲವು ಮಠಾಧೀಶರೂ ಲಿಂಗಾಯತ, ಜೈನ ಸಂಘಟನೆಗಳೂ ವಿರೋಧಿಸಿದುವು. ಶಾಲೆಯ ಪಂಕ್ತಿಯಲ್ಲಿ ಮೊಟ್ಟೆ ಬೇಡವೇ ಬೇಡ ಎಂಬುದು ಅವರ ಬೇಡಿಕೆಯಾಗಿತ್ತು.

ಈ ಬೇಡಿಕೆಯಲ್ಲಿ ಎರಡು ಭಾಗಗಳಿವೆ. ನಮ್ಮ ಮಗುವನ್ನು ಯಾರೂ ಬಲವಂತಪಡಿಸಬಾರದೆಂಬುದು ಒಂದು. ಯಾವ ಮಗುವಿಗೂ ಕೊಡಬಾರದೆಂಬುದು ಇನ್ನೊಂದು. ಮೊದಲನೆಯದು ಸರ್ವಥಾ ನ್ಯಾಯ. 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆ ಹಾಡುವಾಗ ಗೌರವದಿಂದ ಎದ್ದುನಿಂತರೂ ತಮ್ಮ ಮತಶ್ರದ್ಧೆಯಂತೆ ಹಾಡದೆ ಇದ್ದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ತೀರ್ಪಿತ್ತಿತು. ಹಾಡುವ ವಿಷಯದಲ್ಲಿಯೇ ಇಷ್ಟು ಮನ್ನಣೆಯಿರುವಾಗ ಉಣ್ಣುವ ವಿಷಯದಲ್ಲಿ ಮಗುವಿನ ಅಂತಃಕರಣಕ್ಕೆ ಮನ್ನಣೆ ಇರಬೇಡವೆ? ಇದು ಜೈನರೊಬ್ಬರ ಹಕ್ಕೂ ಅಲ್ಲ. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರಲ್ಲಿ ಕೋಳಿಯನ್ನು ಸಾಕದಿರುವ, ತಿನ್ನದಿರುವ ಕಟ್ಟಳೆ ಪರಂಪರೆಯಿಂದ ಬಂದಿದೆ. ಕುರಿಯ ಮಾಂಸವನ್ನು ಉಣ್ಣುವ ಮನೆಯ ಮಗುವೂ ಅಲ್ಲಿ ಮೊಟ್ಟೆ ಬೇಡವೆನ್ನಬಹುದು. ಅದರ ಕಾರಣ ನಮ್ಮದಲ್ಲ. ಆದರೂ ನಮ್ಮ ಮಗುವಿಗೆ ಬಾಳೆಹಣ್ಣು ಕೊಡುವ ಕೈಯೇ ಆ ಮಗುವಿಗೂ ಕೊಡಬೇಕು. ತಿನ್ನೆನೆಂದ ಮಗುವನ್ನು ಹೀಯಾಳಿಸಕೂಡದು. ಬಡಿಸುವ ಸೌಟು, ಬೇಯಿಸುವ ಪಾತ್ರೆ ಬೇರೆಯಿರಬೇಕು. ಇವನ್ನು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಎರಡನೆಯ ಭಾಗವನ್ನು ನಮ್ಮ ಶಾಸ್ತ್ರದ ಒರೆಗಲ್ಲಿಗೇ ಹಚ್ಚಿ ನೋಡೋಣ. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದರ ಅರ್ಥ, ಉಣ್ಣಬೇಕಾದ ಜೀವಿಯ ಅನ್ನನೀರನ್ನು ತಡೆಯುವುದು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ನೂರಕ್ಕೆ 65 ಮಂದಿ ರಕ್ತಹೀನತೆಯುಳ್ಳವರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಶಾಲೆಗೆ ಬರುವ ಬಡಮಕ್ಕಳು ಇವರೇ. ಮನೆಯಲ್ಲಿ ಹಾಲಿಲ್ಲ, ತುಪ್ಪವಿಲ್ಲ, ಬೇಳೆ ನೀರಾಗಿದೆ. ಅಂಥ ಮಗುವಿನ ತಟ್ಟೆಯಿಂದ, ಅದರ ಮನೆಯ ಧರ್ಮಕ್ಕೆ ವಿರೋಧವಲ್ಲದ ಆಹಾರವನ್ನು, ತನ್ನ ವ್ರತದ ಹೆಸರಿನಲ್ಲಿ ತೆಗೆಯಿಸುವವನು ಅನ್ನಪಾನನಿರೋಧದಿಂದ ಎಷ್ಟು ದೂರದಲ್ಲಿದ್ದಾನೆ? ಈ ಪ್ರಶ್ನೆ ಕಟುವಾದದ್ದು. ಆದರೂ ಅತಿಚಾರಗಳ ಪಟ್ಟಿಯನ್ನು ನಿತ್ಯ ನೆನೆಯುವವರು ಇದನ್ನು ತಮಗೆ ತಾವೇ ಕೇಳಿಕೊಳ್ಳಬೇಕು.

‘ಹಾಗಾದರೆ ಹಿಂಸೆಯನ್ನು ನೋಡಿಯೂ ಸುಮ್ಮನಿರುವುದು ಅನುಮೋದನೆಯಾಗದೆ?’ ಎಂದು ಧರ್ಮಬಂಧುಗಳು ಕೇಳಬಹುದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಿಂದಲೂ ಪಾಪವು ಬರುತ್ತದೆಂಬುದು ನಿಜ. ಆದರೆ ಅನುಮತಿತ್ಯಾಗವು ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಹತ್ತನೆಯದು. ಅಲ್ಲಿಗೇರಿದವನು ಮನೆಯ ವ್ಯಾಪಾರಗಳಿಗೂ ಸಮ್ಮತಿ ಕೊಡದೆ ಉದಾಸೀನನಾಗಿರುತ್ತಾನೆ. ಮೊದಲ ಮೆಟ್ಟಿಲಲ್ಲಿ ನಿಂತಿರುವ ನಾವು ತನ್ನ ಮನೆಗೆ ಆ ಕಟ್ಟನ್ನು ಹಾಕಿಕೊಳ್ಳದೆ, ಪರರ ಪಂಕ್ತಿಗೆ ಮಾತ್ರ ಹಾಕಹೊರಡುವುದು ಕ್ರಮವಲ್ಲ. ಬಲದಿಂದ ತಡೆಯದಿರುವುದು ಮೆಚ್ಚಿದಂತೆಯೂ ಆಗದು. ಹಿಂಸೆ ಕಡಮೆಯಾಗಬೇಕೆಂಬ ಹಂಬಲ ನಿಜವಾಗಿದ್ದರೆ ಅದಕ್ಕೆ ನಮ್ಮಲ್ಲಿ ರಾಜಮಾರ್ಗವಿದೆ: ಆಹಾರದಾನ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಿಂದಲೇ ನಮ್ಮ ಸಮಾಜ ಈ ನಾಡಿನಲ್ಲಿ ಹೆಸರಾಯಿತು. ಶೇಂಗಾ ಬೆಳೆಯುವ ಸೀಮೆಯಲ್ಲಿ ಹುರಿದ ಶೇಂಗಾ, ಮೊಳಕೆಕಾಳು, ಹಾಲು, ಮೊಸರುಗಳನ್ನು ಶಾಲೆಯ ಎಲ್ಲ ಮಕ್ಕಳಿಗೂ ಒದಗಿಸುವ ಶ್ರಾವಕನ ಮಾತಿಗೆ ಬೆಲೆ ಬರುತ್ತದೆ. ಕೊಡದೆ ಬರಿದೇ ತಡೆಯುವವನ ಮಾತಿಗೆ ಬೆಲೆಯೆಲ್ಲಿಂದ ಬರಬೇಕು?

ಪಕ್ಕದ ತಟ್ಟೆಯನ್ನು ಕಂಡು ಮಗುವಿನ ಮನಸ್ಸು ಚಂಚಲವಾದೀತೆಂಬ ತಾಯಿತಂದೆಯರ ಅಳುಕು ಸಹಜವಾದದ್ದೇ. ಆದರೆ ಆ ಮಗು ಮುಂದೆ ಓದಲೋ ದುಡಿಯಲೋ ಪರಸ್ಥಳಕ್ಕೆ ಹೋಗತಕ್ಕದ್ದೇ. ಪಕ್ಕದ ತಟ್ಟೆ ಬರಿದಾಗಿರುವವರೆಗೆ ಮಾತ್ರ ಉಳಿಯುವ ನಿಯಮವು ಅಲ್ಲಿ ಉಳಿಯಲಾರದು. ಏಕೆ ತಿನ್ನುವುದಿಲ್ಲವೆಂದು ಕೇಳಿದ ಗೆಳೆಯನಿಗೆ ಹಗೆಯಿಲ್ಲದೆ, ಹೆಚ್ಚುಗಾರಿಕೆಯಿಲ್ಲದೆ ಎರಡು ಮಾತಿನಲ್ಲಿ ಉತ್ತರ ಹೇಳುವುದನ್ನು ಮನೆಯಲ್ಲಿ ಕಲಿಸೋಣ. ಹಾಗೆಯೇ, ಮೊಟ್ಟೆಯನ್ನು ಬಿಟ್ಟವರಿಗೆ ಅದರ ಸತ್ವ ಬೇರೆಲ್ಲಿಂದ ಬರಬೇಕೆಂಬುದನ್ನೂ ಕಲಿಸೋಣ. ಬಿ-12 ಎಂಬ ಜೀವಸತ್ವ ಕಾಳು ಸೊಪ್ಪುಗಳಲ್ಲಿ ಸಿಗದು. ನಿರಾಮಿಷರಿಗೆ ಹಾಲು ಮೊಸರುಗಳೇ ಅದರ ಆಸರೆ. ಸೊಪ್ಪು ಕಾಳುಗಳ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆ ನೆಲ್ಲಿಗಳ ಹುಳಿಯಿರಬೇಕು. ಊಟದ ಬೆನ್ನಿಗೇ ಕುಡಿದ ಚಹಾ ಅದನ್ನು ಕೆಡಿಸುತ್ತದೆ. ಇವನ್ನು ತಿಳಿದ ನಿರಾಮಿಷ ಮನೆಯ ಮಕ್ಕಳು ಗಟ್ಟಿಯಾಗಿ ಬೆಳೆಯುತ್ತಾರೆ. ಅವರನ್ನು ಕಂಡವರಿಗೆ ನಮ್ಮ ಆಹಾರದ ಮೇಲೆ ಗೌರವ ಹುಟ್ಟುತ್ತದೆ.

ಇಷ್ಟು ಹೊತ್ತು ಶಾಲೆಯನ್ನೂ ಪರರ ಮಕ್ಕಳನ್ನೂ ಕುರಿತು ಹೇಳಿದ್ದಾಯಿತು. ಇನ್ನು ನಮ್ಮ ಮನೆಯೊಳಗಣ ಮಾತು. ಅತಿಚಾರಗಳಲ್ಲಿ ನಾಲ್ಕನೆಯದು ಅತಿಭಾರಾರೋಪಣ, ಹೊರಲಾರದ ಭಾರವನ್ನು ಹೊರಿಸುವುದು. ಎತ್ತಿನ ಬೆನ್ನನ್ನು ಕುರಿತು ಹೇಳಿದ್ದೆಂದು ನಾವು ಓದಿಕೊಂಡು ಮುಂದೆ ಹೋಗುತ್ತೇವೆ. 2016ರಲ್ಲಿ ಹೈದರಾಬಾದಿನ 13 ವರ್ಷದ ಬಾಲಕಿಯೊಬ್ಬಳು 68 ದಿನಗಳ ಉಪವಾಸವನ್ನು ಮುಗಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ದೇಶವೆಲ್ಲ ಆ ಸುದ್ದಿಯನ್ನು ಕೇಳಿತು. ಪೊಲೀಸು ಮೊಕದ್ದಮೆಯೂ ಆಯಿತು. ಮಗುವನ್ನು ಕಳೆದುಕೊಂಡವರ ಮೇಲೆ ಕಲ್ಲೆಸೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ಮಗುವಿನ ಸಾವು ನಮ್ಮೆಲ್ಲರ ಮುಂದೆ ಇಟ್ಟ ಪ್ರಶ್ನೆಯನ್ನು ಮುಚ್ಚಿಡುವುದು ಧರ್ಮವಲ್ಲ.

ಶರೀರಶಾಸ್ತ್ರ ಹೇಳುವುದಿಷ್ಟು: ಉಪವಾಸದಲ್ಲಿ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಂಶ ಸುಮಾರು ಒಂದು ದಿನದೊಳಗೆ ತೀರುತ್ತದೆ, ಮಕ್ಕಳಲ್ಲಿ ಇನ್ನೂ ಬೇಗ. ಬಳಿಕ ದೇಹವು ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿ ಬದುಕುತ್ತದೆ. ರಕ್ತದಲ್ಲಿನ ಪೊಟ್ಯಾಸಿಯಂ ಮೊದಲಾದ ಲವಣಗಳು ಏರುಪೇರಾದರೆ ಹೃದಯದ ಮಿಡಿತವೇ ತಪ್ಪಬಹುದು. ದೀರ್ಘ ಉಪವಾಸದ ಪಾರಣೆಯಲ್ಲಿ ಒಮ್ಮೆಲೇ ಉಂಡರೂ ಅದೇ ಅಪಾಯ. ಬೆಳೆದವನು ತನ್ನ ಕೊಬ್ಬನ್ನು ವ್ಯಯಮಾಡುತ್ತಾನೆ. ಮಗು ತನ್ನ ಬೆಳವಣಿಗೆಯನ್ನು ವ್ಯಯಮಾಡುತ್ತದೆ. ನಮ್ಮ ಪರಂಪರೆಯೂ ಇದಕ್ಕೆ ಕುರುಡಾಗಿರಲಿಲ್ಲ. ಎಂಟು ವರ್ಷ ತುಂಬುವ ಮೊದಲು ಸಂಯಮಕ್ಕೆ ಯೋಗ್ಯತೆಯಿಲ್ಲವೆಂದಿತು. ನಿಯತವಾದ ಪ್ರೋಷಧೋಪವಾಸವನ್ನು ಪ್ರತಿಮೆಗಳಲ್ಲಿ ನಾಲ್ಕನೆಯ ಮೆಟ್ಟಿಲಲ್ಲಿ ಇರಿಸಿತು. ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಎರಡಕ್ಕೂ ‘ಶಕ್ತಿತಃ’ ಎಂಬ ಕಟ್ಟನ್ನು ಹಾಕಿತು. ಶಕ್ತಿಯಿದ್ದಷ್ಟು, ಅದಕ್ಕೆ ಕಡಮೆ ಮಾಡಿದರೆ ಕಪಟ, ಮೀರಿದರೆ ಅತಿಭಾರ. ಶಕ್ತಿ ಎಷ್ಟೆಂದು ಅರಿಯದ ಮಗುವಿನ ಪರವಾಗಿ ಅದನ್ನು ಅರಿಯಬೇಕಾದವರು ತಾಯಿತಂದೆಯರು. ಅವರಿಗೆ ಆ ಅರಿವನ್ನು ಕೊಡಬಲ್ಲದ್ದು ಆರೋಗ್ಯಶಿಕ್ಷಣ.

ಮಗುವೇ ಹಟಮಾಡಿ ಕೇಳಿತು ಎಂಬ ಸಮಾಧಾನವನ್ನು ನಾವು ಕೊಟ್ಟುಕೊಳ್ಳುತ್ತೇವೆ. ಸುತ್ತಲಿನವರ ಹೊಗಳಿಕೆ, ಹಾರತುರಾಯಿ, ಪೇಪರಿನ ಭಾವಚಿತ್ರ ಇವನ್ನು ಕಂಡ ಮಗು ಕೇಳದೆ ಇರುತ್ತದೆಯೆ? ಕಷಾಯಗಳನ್ನು ಕರಗಿಸಬೇಕಾದ ತಪಸ್ಸು ಮಾನಕಷಾಯವನ್ನು ಬೆಳೆಸಿದರೆ ಅದು ತಪಸ್ಸೆ? ದಶಲಕ್ಷಣ ಪರ್ವದಲ್ಲಿ ಮಕ್ಕಳ ಉತ್ಸಾಹಕ್ಕೆ ದಾರಿಗಳು ಬೇಕಾದಷ್ಟಿವೆ. ಹಸಿವಿಗಿಂತ ಒಂದು ತುತ್ತು ಕಡಮೆ ಉಣ್ಣುವ ಅವಮೌದರ್ಯವಿದೆ. ಬೆಲ್ಲವನ್ನೋ ಕರಿದ ತಿಂಡಿಯನ್ನೋ ಬಿಡುವ ರಸಪರಿತ್ಯಾಗವಿದೆ. ಸೂರ್ಯಾಸ್ತದೊಳಗೆ ಉಣ್ಣುವ ನಿಯಮವಿದೆ. ಒಂದು ದಿನ ಸುಳ್ಳಾಡದೆ ಇರುವ ನೋಂಪಿಯೂ ಇದೆ. ಬಾಹ್ಯತಪಸ್ಸು ಆರು ಬಗೆಯದು. ಅನಶನ ಅವುಗಳಲ್ಲಿ ಒಂದು ಮಾತ್ರ. ನಿಯಮ ಹಿಡಿದ ಮಗುವಿನ ವಿಷಯವನ್ನು ಶಿಕ್ಷಕರಿಂದ ಮರೆಮಾಡುವುದೂ ಸರಿಯಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಅಷ್ಟಮಿ ಚತುರ್ದಶಿಗಳಲ್ಲಿ ಊಟ ಬಿಟ್ಟ ಮಗುವಿಗೆ ಮಾತ್ರೆ ಮಾರನೆಯ ದಿನ ಸಲ್ಲಬೇಕು. ತಿಳಿಸಿದರೆ ಒಪ್ಪದ ಶಿಕ್ಷಕರು ವಿರಳ.

ಹರೆಯದ ಶಿಕ್ಷಣವನ್ನು ಕುರಿತೂ ಒಂದು ಮಾತು ಹೇಳದಿದ್ದರೆ ವಿಚಾರ ಅಪೂರ್ಣವಾಗುತ್ತದೆ. ಹದಿಹರೆಯದವರಿಗಾಗಿ ಸಿದ್ಧಪಡಿಸಿದ ಪಾಠಗಳನ್ನು 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆದವು. ರಾಜ್ಯಸಭೆಯ ಅರ್ಜಿಗಳ ಸಮಿತಿಯು 2009ರಲ್ಲಿ ಶಾಲೆಗಳಲ್ಲಿ ಲೈಂಗಿಕಶಿಕ್ಷಣ ಬೇಡವೆಂದಿತು. ಪಾಠದ ಭಾಷೆ, ಚಿತ್ರ, ವಯೋಮಿತಿಗಳನ್ನು ಕುರಿತು ಆಕ್ಷೇಪವಿರಬಹುದು. ಆದರೆ ಬ್ರಹ್ಮಚರ್ಯವನ್ನು ಅಣುವ್ರತಗಳಲ್ಲಿ ಒಂದಾಗಿ ಎಣಿಸಿದ ನಾವು, ಅದೇನೆಂದು ತಿಳಿಯದ ಮುಗ್ಧತೆಯನ್ನೇ ಬ್ರಹ್ಮಚರ್ಯವೆನ್ನಬಾರದು. ತನ್ನ ಶರೀರದಲ್ಲಿ ಆಗುವ ಬದಲಾವಣೆ ಯಾವುದು, ಕೆಟ್ಟ ಕೈಯ ಸ್ಪರ್ಶ ಯಾವುದು, ಯಾರಿಗೆ ಹೇಳಬೇಕು ಎಂದು ಅರಿಯದ ಮಗು ನಿಸ್ಸಹಾಯವಾಗಿರುತ್ತದೆ. ಅಂಥ ಮಗುವಿಗೆ ಈ ಮಾತುಗಳನ್ನು ಹೇಳಿಕೊಡುವುದು ಅಭಯದಾನ.

ಸಂವಿಧಾನದ 25ನೆಯ ಅನುಚ್ಛೇದವು ಧರ್ಮಸ್ವಾತಂತ್ರ್ಯವನ್ನು ಕೊಡುವಾಗಲೇ ಅದನ್ನು ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯ ಎಂಬ ಮೂರಕ್ಕೆ ಒಳಪಡಿಸಿದೆ. ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮಕ್ಕಳ ಆರೋಗ್ಯ ಪೋಷಣೆಗಳ ತಿಳಿವಳಿಕೆ ತಾಯಿತಂದೆಯರಿಗೂ ಮಕ್ಕಳಿಗೂ ದೊರೆಯಬೇಕೆಂದಿದೆ. ಇವು ಹೊರಗಿನಿಂದ ಬಂದ ಕಟ್ಟುಗಳೆಂದು ನಾವು ಅಳುಕಬೇಕಾಗಿಲ್ಲ. ಅತಿಭಾರವನ್ನು ಹೊರಿಸಬೇಡ, ಅನ್ನಪಾನವನ್ನು ತಡೆಯಬೇಡ ಎಂಬ ಎರಡು ಕಟ್ಟುಗಳನ್ನು ನಮ್ಮವರೇ ಶತಮಾನಗಳ ಹಿಂದೆ ಹಾಕಿದ್ದರು.

ಆದುದರಿಂದ ಶಾಲೆಯು ನಮ್ಮ ಮಗುವಿಗೆ ಎಲ್ಲವನ್ನೂ ತಿಳಿಸಲಿ, ಒಲ್ಲದ್ದನ್ನು ತಿನ್ನಿಸದಿರಲಿ. ನಾವು ನಮ್ಮ ಮಗುವಿಗೆ ವ್ರತವನ್ನು ಕಲಿಸೋಣ. ಅದರ ಶಕ್ತಿಗೆ ಮೀರಿದ್ದನ್ನು ಹೊರಿಸದಿರೋಣ. ಪರರ ಮಗುವಿನ ತಟ್ಟೆಯನ್ನು ಕುರಿತು ಮಾತನಾಡುವ ಮುನ್ನ ಆ ತಟ್ಟೆಗೆ ನಮ್ಮ ಕೈಯಿಂದ ಏನನ್ನು ಬಡಿಸಿದೆವೆಂದು ಕೇಳಿಕೊಳ್ಳೋಣ. ಪರಶುರಾಂಪುರದಂಥ ಊರಿನ ಪಂಕ್ತಿಯಲ್ಲಿ ಒಂಟಿಯಾಗಿ ಕುಳಿತ ಆ ಮಗು, ತಾನು ಬಿಟ್ಟದ್ದೇನು, ಏಕೆ ಬಿಟ್ಟೆ ಎಂಬುದನ್ನು ಅರಿತು, ಪಕ್ಕದ ಮಗು ಹೊಟ್ಟೆತುಂಬ ಉಣ್ಣುವುದನ್ನು ಕಂಡು ಸಂತೋಷಪಡುವಂತಾದರೆ, ಅದರ ವ್ರತ ನಿರತಿಚಾರವಾಗಿ ನಡೆಯುತ್ತಿದೆಯೆಂದು ತಿಳಿಯಬಹುದು.